ಹಳೆಯ ಹೋರಿ, ಹೊಸ ಕರು: ಪ್ರದರ್ಶನ ತಳಿಗಳಿಗೆ ಘನೀಕೃತ ವೀರ್ಯದ ನಂಟು

ಸತ್ತು ಅರ್ಧ ಶತಮಾನ ಕಳೆದ ಹೋರಿಯೊಂದು ಇಂದು ಕರುವಿಗೆ ತಂದೆಯಾಗಬಲ್ಲದು. ಜಾನುವಾರು ತಳಿ ಸಂವರ್ಧನೆಯ ಲೋಕದಲ್ಲಿ ಇದು ಅಚ್ಚರಿಯ ಸುದ್ದಿಯಾಗಿ ಉಳಿದಿಲ್ಲ. ದ್ರವ ಸಾರಜನಕದ ಪಾತ್ರೆಯಲ್ಲಿ ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ಇರಿಸಿದ ವೀರ್ಯದ ನಳಿಕೆಯೊಂದು ದೊರೆತರೆ, 1960ರ ದಶಕದ ಹೋರಿಯನ್ನು ಈ ದಶಕದ ಹಸುವಿನೊಡನೆ ಕೂಡಿಸುವುದು ಸಾಧ್ಯ. ಅಮೆರಿಕ, ಕೆನಡಾ ಮತ್ತು ಬ್ರಿಟನ್‌ಗಳ ಜಾನುವಾರು ಪ್ರದರ್ಶನಗಳಿಗಾಗಿ ದನ ಬೆಳೆಸುವವರಲ್ಲಿ ಹೀಗೆ ಹಳೆಯ ಹೋರಿಗಳ ವೀರ್ಯವನ್ನು ಹುಡುಕಿ ಬಳಸುವ ಪರಿಪಾಠ ಬೇರೂರಿದೆ.

ಇದನ್ನು ಹಳೆಯ ಕಾಲದ ಮೇಲಿನ ವ್ಯಾಮೋಹವೆಂದು ಮಾತ್ರ ಭಾವಿಸುವಂತಿಲ್ಲ. ಒಂದೆಡೆ, ಕೆಲವೇ ಜನಪ್ರಿಯ ಹೋರಿಗಳ ಸಂತತಿಯಿಂದ ತುಂಬಿಹೋಗಿರುವ ತಳಿಗಳಿಗೆ ಕಳೆದುಹೋದ ವೈವಿಧ್ಯವನ್ನು ಮರಳಿ ತರುವ ಮಾರ್ಗ ಇದಾಗಿದೆ. ಇನ್ನೊಂದೆಡೆ, ದಶಕಗಳ ಶ್ರಮದಿಂದ ತಳಿಯಿಂದ ಹೊರಹಾಕಿದ ಆನುವಂಶಿಕ ರೋಗಗಳು ಅದೇ ನಳಿಕೆಯ ಮೂಲಕ ಕೊಟ್ಟಿಗೆಗೆ ಹಿಂದಿರುಗುವ ಅಪಾಯವೂ ಇಲ್ಲಿದೆ. ಲಾಭ ಮತ್ತು ಅಪಾಯ ಎರಡನ್ನೂ ಅರಿಯಬೇಕಾದರೆ ಈ ಪದ್ಧತಿಯ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ಪ್ರದರ್ಶನ ಕಣ ಮತ್ತು ಬದಲಾಗುವ ಅಭಿರುಚಿ

ಅಮೆರಿಕದಲ್ಲಿ ಜಾನುವಾರು ಪ್ರದರ್ಶನಕ್ಕೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಚಿಕಾಗೊ ನಗರದಲ್ಲಿ 1900ರಿಂದ 1975ರವರೆಗೆ ನಡೆದ ಅಂತಾರಾಷ್ಟ್ರೀಯ ಜಾನುವಾರು ಪ್ರದರ್ಶನವು ಮಾಂಸದ ತಳಿಗಳ ಮಟ್ಟಿಗೆ ಅತ್ಯುನ್ನತ ಕಣವೆನಿಸಿತ್ತು. ಡೆನ್ವರ್ ನಗರದ ಪ್ರದರ್ಶನ 1906ರಿಂದ ನಡೆದುಬಂದಿದೆ. ಹಾಲಿನ ತಳಿಗಳಿಗೆ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ 1967ರಿಂದ ನಡೆಯುತ್ತಿರುವ ವರ್ಲ್ಡ್ ಡೈರಿ ಎಕ್ಸ್‌ಪೊ ಮತ್ತು ಟೊರಾಂಟೊದ ರಾಯಲ್ ವಿಂಟರ್ ಫೇರ್ ಪ್ರತಿಷ್ಠಿತ ವೇದಿಕೆಗಳಾಗಿವೆ.

ಇವಲ್ಲದೆ ಜಿಲ್ಲೆ ಮತ್ತು ರಾಜ್ಯ ಮಟ್ಟದ ಮೇಳಗಳಲ್ಲಿ ಶಾಲಾ ಮಕ್ಕಳು ತಾವೇ ಸಾಕಿ, ಮೈತೊಳೆದು, ಕೂದಲು ಬಾಚಿ ಅಣಿಗೊಳಿಸಿದ ಕರುಗಳನ್ನು ಹಗ್ಗ ಹಿಡಿದು ಕಣದಲ್ಲಿ ನಡೆಸುತ್ತಾರೆ. ಗ್ರಾಮೀಣ ಯುವಕರ ಕ್ಲಬ್‌ಗಳ ಮೂಲಕ ಬೆಳೆದುಬಂದ ಈ ಸಂಪ್ರದಾಯದಿಂದಾಗಿ ಇಂತಹ ಕರುಗಳಿಗೆ 'ಕ್ಲಬ್ ಕಾಫ್' ಎಂಬ ಹೆಸರೇ ನಿಂತಿದೆ. ಇವುಗಳಲ್ಲಿ ಹೆಚ್ಚಿನವು ಬೀಜ ಒಡೆದ ಗಂಡುಕರುಗಳು. ಗೆದ್ದ ಕರು ಹರಾಜಿನಲ್ಲಿ ಮಾಂಸದ ಬೆಲೆಗಿಂತ ಅನೇಕ ಪಟ್ಟು ಹೆಚ್ಚು ಹಣ ತರುತ್ತದೆ. ಅದರ ತಂದೆಯಾದ ಹೋರಿಯ ವೀರ್ಯಕ್ಕೂ ಬೇಡಿಕೆ ಏರುತ್ತದೆ.

ಇಲ್ಲಿ ತೀರ್ಪು ಕಣ್ಣಿನ ಅಳತೆಯದು. ಬೆನ್ನಿನ ನೇರ, ಎಲುಬಿನ ದಪ್ಪ, ಕಾಲುಗಳ ನಿಲುವು, ನಡಿಗೆ, ಮೈಮಾಂಸ, ಕೂದಲಿನ ಸೊಂಪು ಇವೆಲ್ಲವನ್ನೂ ತೀರ್ಪುಗಾರರು ತೂಗಿನೋಡುತ್ತಾರೆ. ಹಾಲಿನ ಹಸುವಾದರೆ ಕೆಚ್ಚಲಿನ ಜೋಡಣೆಗೆ ಪ್ರಾಧಾನ್ಯ. ಅಭಿರುಚಿ ಬದಲಾದಂತೆ ಗೆಲ್ಲುವ ದನದ ಆಕಾರವೂ ಬದಲಾಗುತ್ತದೆ. 1940 ಮತ್ತು 1950ರ ದಶಕಗಳಲ್ಲಿ ಗಿಡ್ಡನೆಯ, ಗುಂಡನೆಯ, ನೆಲಕ್ಕೆ ಹತ್ತಿರವಾದ ದನಗಳೇ ಶ್ರೇಷ್ಠವೆನಿಸಿದ್ದವು. 1960ರ ದಶಕದ ಉತ್ತರಾರ್ಧದಿಂದ ಷರೋಲೆ, ಸಿಮೆಂಟಲ್, ಮೇನ್-ಆಂಜೂ, ಕಿಯಾನಿನಾ ಮುಂತಾದ ಯುರೋಪಿನ ದೊಡ್ಡ ಗಾತ್ರದ ತಳಿಗಳು ಪ್ರಭಾವ ಬೀರತೊಡಗಿದವು. 1969ರಲ್ಲಿ ಚಿಕಾಗೊ ಪ್ರದರ್ಶನದ ಪರಮೋಚ್ಚ ಪ್ರಶಸ್ತಿ ಷರೋಲೆ ಮತ್ತು ಆಂಗಸ್ ಮಿಶ್ರಣದ ಕರುವಿಗೆ ಸಂದದ್ದು ಈ ತಿರುವಿನ ಗುರುತಾಗಿ ಉಳಿಯಿತು. ಅಲ್ಲಿಂದ 1980ರ ದಶಕದವರೆಗೆ ಎತ್ತರವೇ ಮಾನದಂಡವಾಯಿತು. ಉದ್ದ ಕಾಲಿನ, ಸಪೂರ ಮೈಯ ದನಗಳು ಕಣವನ್ನು ಆಳಿದವು. ಅನಂತರ ಲೋಲಕ ಮತ್ತೆ ಮಧ್ಯಕ್ಕೆ ಮರಳಿತು.

ಈ ಏರಿಳಿತವೇ ಹಳೆಯ ವೀರ್ಯದ ಬೇಡಿಕೆಗೆ ಮೊದಲ ಕಾರಣ. ಎತ್ತರದ ಬೆನ್ನು ಹತ್ತಿದ ಕಾಲದಲ್ಲಿ ಮೈಯ ಆಳ ಹಾಗೂ ಸ್ವಲ್ಪ ಮೇವಿನಲ್ಲೇ ಮೈದುಂಬುವ ಗುಣಗಳನ್ನು ಕಳೆದುಕೊಂಡೆವೆಂದು ಭಾವಿಸಿದ ತಳಿಗಾರರಿಗೆ, ಆ ಗುಣಗಳಿದ್ದ ಕಾಲದ ಹೋರಿಗಳು ನೆನಪಾದವು. ಹೋರಿಗಳು ಇರಲಿಲ್ಲ, ಆದರೆ ಅವುಗಳ ವೀರ್ಯ ಎಲ್ಲೋ ಒಂದು ಪಾತ್ರೆಯ ತಳದಲ್ಲಿ ಉಳಿದಿತ್ತು.

ಸೀಸೆಯ ಅದಲುಬದಲಿನಿಂದ ಹುಟ್ಟಿದ ತಂತ್ರ

ಕೃತಕ ಗರ್ಭಧಾರಣೆ ಘನೀಕೃತ ವೀರ್ಯಕ್ಕಿಂತ ಹಳೆಯದು. ಡೆನ್ಮಾರ್ಕ್‌ನಲ್ಲಿ 1936ರಲ್ಲಿಯೇ ಕೃತಕ ಗರ್ಭಧಾರಣೆಯ ಸಹಕಾರ ಸಂಘ ಸ್ಥಾಪನೆಯಾಗಿತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿ 1938ರಲ್ಲಿ ಅಂತಹುದೇ ಸಂಘ ಆರಂಭವಾಯಿತು. ಆದರೆ ಆಗ ಬಳಕೆಯಲ್ಲಿದ್ದುದು ತಂಪಾಗಿಸಿದ ದ್ರವರೂಪದ ವೀರ್ಯ. ಅದರ ಆಯುಷ್ಯ ಕೆಲವೇ ದಿನಗಳು. ಹೋರಿ ಸತ್ತರೆ ಅದರ ಸಂತತಿಯೂ ಅಲ್ಲಿಗೇ ನಿಲ್ಲುತ್ತಿತ್ತು.

ಪರಿಸ್ಥಿತಿಯನ್ನು ಬದಲಿಸಿದ್ದು ಲಂಡನ್ನಿನ ಮಿಲ್ ಹಿಲ್ ಪ್ರಯೋಗಾಲಯದ ಒಂದು ಆಕಸ್ಮಿಕ. ಕ್ರಿಸ್ಟೊಫರ್ ಪೋಲ್ಜ್, ಆಡ್ರೆ ಸ್ಮಿತ್ ಮತ್ತು ಆಲನ್ ಪಾರ್ಕ್ಸ್ ಹುಂಜದ ವೀರ್ಯವನ್ನು ಸಕ್ಕರೆಯ ದ್ರಾವಣದಲ್ಲಿ ಹೆಪ್ಪುಗಟ್ಟಿಸಿ ಬದುಕಿಸಲು ಪ್ರಯತ್ನಿಸುತ್ತಿದ್ದರು. ಪ್ರಯತ್ನಗಳು ವಿಫಲವಾಗುತ್ತಿದ್ದವು. ಒಮ್ಮೆ ಇದ್ದಕ್ಕಿದ್ದಂತೆ ವೀರ್ಯಾಣುಗಳು ಬದುಕುಳಿದವು. ಪರಿಶೀಲಿಸಿದಾಗ, ಸೀಸೆ ಅದಲುಬದಲಾಗಿ ಸಕ್ಕರೆಯ ದ್ರಾವಣದ ಬದಲು ಗ್ಲಿಸರಾಲ್ ಬೆರೆತ ದ್ರಾವಣ ಬಳಕೆಯಾಗಿದ್ದುದು ತಿಳಿಯಿತು. ಹೆಪ್ಪುಗಟ್ಟುವಾಗ ಜೀವಕೋಶಕ್ಕೆ ಒದಗುವ ಹಾನಿಯನ್ನು ಗ್ಲಿಸರಾಲ್ ತಗ್ಗಿಸುತ್ತದೆ. 1949ರಲ್ಲಿ ಈ ಶೋಧ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಹೋರಿಯ ವೀರ್ಯಕ್ಕೂ ಇದೇ ವಿಧಾನ ಒಗ್ಗಿತು. ಘನೀಕೃತ ವೀರ್ಯದಿಂದ ಹುಟ್ಟಿದ ಅಮೆರಿಕದ ಮೊದಲ ಕರು 1953ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಜನಿಸಿತು. ಅದಕ್ಕೆ 'ಫ್ರಾಸ್ಟಿ' ಎಂದು ಹೆಸರಿಡಲಾಗಿತ್ತು.

ಮೊದಮೊದಲು ಒಣ ಮಂಜುಗಡ್ಡೆಯ ಶೈತ್ಯದಲ್ಲಿ, ಅಂದರೆ ಸುಮಾರು ಮೈನಸ್ 79 ಡಿಗ್ರಿಯಲ್ಲಿ ವೀರ್ಯವನ್ನು ಇರಿಸುತ್ತಿದ್ದರು. ಬಳಿಕ ದ್ರವ ಸಾರಜನಕ ಬಂದಿತು. ಗಾಜಿನ ಆಂಪೂಲ್‌ಗಳ ಸ್ಥಾನವನ್ನು ಪ್ಲಾಸ್ಟಿಕ್ ನಳಿಕೆಗಳು ಕ್ರಮೇಣ ಆಕ್ರಮಿಸಿದವು. ಈ ಇತಿಹಾಸದಿಂದ ಒಂದು ಗಡಿರೇಖೆ ತಾನಾಗಿಯೇ ಮೂಡುತ್ತದೆ. 1950ರ ದಶಕಕ್ಕಿಂತ ಮುಂಚೆ ಸತ್ತ ಹೋರಿ ಎಷ್ಟೇ ಹೆಸರುವಾಸಿಯಾಗಿದ್ದರೂ ಅದರ ವೀರ್ಯ ಉಳಿದಿರಲಾರದು. 'ಹಳೆಯ ಹೋರಿ' ಎಂಬ ಮಾತಿನ ಅರ್ಥ ಆ ದಶಕದಿಂದ ಈಚಿನದು ಮಾತ್ರ.

ಎಷ್ಟು ಕಾಲ ಬಾಳುತ್ತದೆ?

ಮೈನಸ್ 196 ಡಿಗ್ರಿಯಲ್ಲಿ ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳು ಬಹುಮಟ್ಟಿಗೆ ಸ್ತಬ್ಧವಾಗುತ್ತವೆ. ಆದ್ದರಿಂದ ಸಾರಜನಕದ ಮಟ್ಟ ಕುಸಿಯದಂತೆ ನೋಡಿಕೊಂಡರೆ ವೀರ್ಯಕ್ಕೆ ಕಾಲಮಿತಿ ಇಲ್ಲವೆಂಬುದು ವಿಜ್ಞಾನಿಗಳ ನಿಲುವು. ಇದಕ್ಕೆ ಅತ್ಯುತ್ತಮ ನಿದರ್ಶನ ದೊರೆತದ್ದು ಕುರಿಗಳಲ್ಲಿ. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ಹೆಪ್ಪುಗಟ್ಟಿಸಿದ್ದ ನಾಲ್ಕು ಮೆರಿನೊ ಟಗರುಗಳ ವೀರ್ಯವನ್ನು ಐವತ್ತು ವರ್ಷಗಳ ಬಳಿಕ ಕರಗಿಸಿ 56 ಕುರಿಗಳಿಗೆ ನೀಡಲಾಯಿತು. 34 ಕುರಿಗಳು ಗಬ್ಬವಾದವು. ಅಂದರೆ ಶೇ 61ರಷ್ಟು. ಇತ್ತೀಚೆಗೆ ಹೆಪ್ಪುಗಟ್ಟಿಸಿದ ವೀರ್ಯ ಬಳಸಿದ ಕುರಿಗಳಲ್ಲಿ ಈ ಪ್ರಮಾಣ ಶೇ 59 ಇತ್ತು. 2019ರಲ್ಲಿ ಈ ಫಲಿತಾಂಶ ಬೆಳಕಿಗೆ ಬಂದಿತು.

ಈ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಕಂಡುಬಂದಿತು. ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಮೈಚರ್ಮದ ಸುಕ್ಕುಗಳಿದ್ದವು. ಕಳೆದ ಶತಮಾನದ ಮಧ್ಯಭಾಗದಲ್ಲಿ ಉಣ್ಣೆಯ ಇಳುವರಿಗಾಗಿ ಬೆಳೆಸಿದ್ದ ಆ ಸುಕ್ಕು, ಉಣ್ಣೆ ಕತ್ತರಿಸಲು ಕಷ್ಟವಾಗುವುದರಿಂದಲೂ ನೊಣದ ಕಾಟಕ್ಕೆ ಎಡೆಮಾಡುವುದರಿಂದಲೂ ಅನಂತರ ತಳಿಗಾರರಿಗೆ ಬೇಡವಾಗಿತ್ತು. ಹಳೆಯ ವೀರ್ಯ ತನ್ನ ಕಾಲದ ಗುಣಗಳನ್ನೂ ಅವಗುಣಗಳನ್ನೂ ಒಟ್ಟಿಗೇ ತರುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಎರಡು ಹೋರಿಗಳ ಸಾಮ್ರಾಜ್ಯ

ಹಳೆಯ ವೀರ್ಯಕ್ಕೆ ಕಣದ ಅಭಿರುಚಿಗಿಂತ ದೊಡ್ಡ ಕಾರಣವೊಂದಿದೆ. ಅದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು, ಕರ್ನಾಟಕದ ಹೈನುಗಾರರು ಎಚ್.ಎಫ್. ಎಂದು ಕರೆಯುವ ಕಪ್ಪು-ಬಿಳುಪಿನ ಹೋಲ್‌ಸ್ಟೀನ್ ತಳಿ.

ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಚಾಡ್ ಡೆಕೋ ಹಾಗೂ ವಾನ್‌ಷೆಂಗ್ ಲಿಯು ಮತ್ತು ಸಹೋದ್ಯೋಗಿಗಳು ಉತ್ತರ ಅಮೆರಿಕದ ಹೋಲ್‌ಸ್ಟೀನ್ ಹೋರಿಗಳ ವಂಶಾವಳಿಯನ್ನು ತಂದೆಯ ಕಡೆಯಿಂದ ಹಿಂದಕ್ಕೆ ಹುಡುಕುತ್ತ ಹೋದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದ ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ಇತ್ತೀಚಿನ ಹೋರಿಗಳಲ್ಲಿ ಶೇ 99ಕ್ಕೂ ಹೆಚ್ಚು ಪಾಲು ಇಬ್ಬರೇ ಪೂರ್ವಜರ ಗಂಡು ಸಂತತಿಗೆ ಸೇರಿದ್ದವು. ಒಂದು, 1962ರಲ್ಲಿ ಹುಟ್ಟಿದ ಪಾನೀ ಫಾರ್ಮ್ ಆರ್ಲಿಂಡಾ ಚೀಫ್. ಇನ್ನೊಂದು, 1965ರಲ್ಲಿ ಹುಟ್ಟಿದ ರೌಂಡ್ ಓಕ್ ರ‍್ಯಾಗ್ ಆ್ಯಪಲ್ ಎಲಿವೇಷನ್. ಇನ್ನೂ ಹಿಂದಕ್ಕೆ ಹೋದರೆ ಇವೆರಡೂ 1880ರ ದಶಕದ ಎರಡು ಹೋರಿಗಳಿಗೆ ತಲುಪುತ್ತಿದ್ದವು.

ಹೀಗಾಗಲು ಕಾರಣ ಘನೀಕೃತ ವೀರ್ಯವೇ. ಹಿಂದೆ ಒಂದು ಹೋರಿ ತನ್ನ ಆಯುಷ್ಯದಲ್ಲಿ ಕೆಲವು ನೂರು ಕರುಗಳಿಗೆ ತಂದೆಯಾಗುತ್ತಿತ್ತು. ಘನೀಕರಣ ಬಂದ ಮೇಲೆ ಒಂದೇ ಹೋರಿಯ ವೀರ್ಯ ಜಗತ್ತಿನಾದ್ಯಂತ ಹರಡಿತು. ಚೀಫ್‌ಗೆ 16,000 ಹೆಣ್ಣು ಮಕ್ಕಳು, ಐದು ಲಕ್ಷ ಮೊಮ್ಮಕ್ಕಳು ಮತ್ತು 20 ಲಕ್ಷಕ್ಕೂ ಹೆಚ್ಚು ಮರಿಮಕ್ಕಳು. ಅಮೆರಿಕದ ಹೋಲ್‌ಸ್ಟೀನ್ ತಳಿಯ ಒಟ್ಟು ಆನುವಂಶಿಕ ಸಂಪತ್ತಿನಲ್ಲಿ ಸುಮಾರು ಶೇ 14ರಷ್ಟು ಈ ಒಂದು ಹೋರಿಯ ಕೊಡುಗೆಯೆಂದು ಲೆಕ್ಕ ಹಾಕಲಾಗಿದೆ. ಅಮೆರಿಕದಲ್ಲಿ ಸುಮಾರು 90 ಲಕ್ಷ ಹಾಲಿನ ಹಸುಗಳಿದ್ದು, ಅವುಗಳಲ್ಲಿ ಬಹುಪಾಲು ಹೋಲ್‌ಸ್ಟೀನ್. ಆದರೂ ಆನುವಂಶಿಕ ದೃಷ್ಟಿಯಿಂದ ಆ ತಳಿಯ ಪರಿಣಾಮಕಾರಿ ಸಂಖ್ಯೆ ಐವತ್ತಕ್ಕಿಂತ ಕಡಿಮೆ ಎಂದು ಅಂದಾಜು.

ಚೀಫ್ ಕೊಟ್ಟದ್ದು ಹಾಲನ್ನು ಮಾತ್ರವಲ್ಲ. ಅದರ ದೇಹದಲ್ಲಿ ಎಪಿಎಎಫ್1 ಎಂಬ ವಂಶವಾಹಿಯ ದೋಷಪೂರಿತ ಪ್ರತಿಯೊಂದಿತ್ತು. ತಂದೆ ತಾಯಿ ಇಬ್ಬರಿಂದಲೂ ಈ ಪ್ರತಿ ಬಂದರೆ ಭ್ರೂಣ ಗರ್ಭದಲ್ಲೇ ಸಾಯುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ಒಂದು ದೋಷದಿಂದ ಜಗತ್ತಿನಾದ್ಯಂತ ಸುಮಾರು ಐದು ಲಕ್ಷ ಹಸುಗಳು ಕಂದು ಹಾಕಿದವು. ನಷ್ಟ ಸುಮಾರು 42 ಕೋಟಿ ಡಾಲರ್. ಅದೇ ಹೋರಿಯ ಸಂತತಿಯಿಂದ ಹೆಚ್ಚಿದ ಹಾಲಿನ ಮೌಲ್ಯ 3,000 ಕೋಟಿ ಡಾಲರ್ ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿದೆ.

ಕಳೆದುಹೋದ ವಂಶದ ಪುನರಾಗಮನ

ಡೆಕೋ ಮತ್ತು ಲಿಯು ಸಮಸ್ಯೆಯನ್ನು ತೋರಿಸಿ ಸುಮ್ಮನಾಗಲಿಲ್ಲ. ತಂದೆಯಿಂದ ಮಗನಿಗೆ ಮಾತ್ರ ಹರಿದುಬರುವ ವೈ ವರ್ಣತಂತುವಿನ ಇತರ ಕವಲುಗಳು ಎಲ್ಲಾದರೂ ಉಳಿದಿವೆಯೇ ಎಂದು ಅವರು ಹುಡುಕಿದರು. ಉತ್ತರ ದೊರೆತದ್ದು ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ಜರ್ಮ್‌ಪ್ಲಾಸಂ ಕಾರ್ಯಕ್ರಮದ ಭಂಡಾರದಲ್ಲಿ. ಅಮೆರಿಕದ ಕೃಷಿ ಇಲಾಖೆ 1999ರಲ್ಲಿ ಆರಂಭಿಸಿದ ಈ ಭಂಡಾರದಲ್ಲಿ ನಾನಾ ಪ್ರಾಣಿಗಳ ಹತ್ತು ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ.

ಜಿಮ್ಮರ್‌ಮನ್ ಆಲ್‌ಸ್ಟಾರ್ ಪೈಲಟ್ ಮತ್ತು ಯೂನಿವರ್ಸಿಟಿ ಆಫ್ ಮಿನೆಸೋಟ ಕತ್‌ಬರ್ಟ್ ಎಂಬ ಎರಡು ಹೋರಿಗಳ ವೀರ್ಯ ಅಲ್ಲಿ ಉಳಿದಿತ್ತು. ಇವೆರಡೂ ಚೀಫ್ ಮತ್ತು ಎಲಿವೇಷನ್‌ಗಿಂತ ಹಿಂದಿನ ಪೀಳಿಗೆಯವು; ಇವುಗಳ ಗಂಡು ಸಂತತಿ ತಳಿಯಿಂದ ಅಳಿದುಹೋಗಿತ್ತು. ಇಂದಿನ ಅತ್ಯುತ್ತಮ ಹೆಣ್ಣುಗಳ ಅಂಡಾಣುಗಳನ್ನು ಆ ವೀರ್ಯದಿಂದ ಫಲೀಕರಿಸಿ, ಭ್ರೂಣಗಳನ್ನು ಬಾಡಿಗೆ ತಾಯಿ ಹಸುಗಳಿಗೆ ವರ್ಗಾಯಿಸಲಾಯಿತು. ಹೀಗೆ 15 ಕರುಗಳು ಹುಟ್ಟಿದವು. ಹೋರಿಗರುಗಳ ವೀರ್ಯವನ್ನು ಮತ್ತೆ ಸಂಗ್ರಹಿಸಲಾಯಿತು. ತಂದೆ ಅರವತ್ತು ವರ್ಷ ಹಿಂದಿನ ಮಟ್ಟದ್ದಾದರೂ ತಾಯಿ ಶ್ರೇಷ್ಠವಾದುದರಿಂದ, ಒಂದೇ ಪೀಳಿಗೆಯಲ್ಲಿ ಕರುಗಳು ತಳಿಯ ಇಂದಿನ ಸರಾಸರಿಗೆ ಸಮೀಪ ಬರಲು ಸಾಧ್ಯವಾಯಿತು. ಹಳೆಯ ವೀರ್ಯ ಬಳಸುವ ಯಾವುದೇ ತಳಿಗಾರನಿಗೆ ಈ ಯೋಜನೆ ಕಲಿಸುವ ಪಾಠ ಒಂದೇ: ಹಳೆಯ ಹೋರಿಗೆ ಇಂದಿನ ಅತ್ಯುತ್ತಮ ಹಸುವನ್ನೇ ಆರಿಸಬೇಕು.

ಮಾಂಸದ ತಳಿಗಳಲ್ಲಿ ಇದೇ ಪ್ರಶ್ನೆಯನ್ನು ಎದುರಿಸುವ ಹಿಂಡೊಂದು ಮೇರಿಲ್ಯಾಂಡ್ ರಾಜ್ಯದಲ್ಲಿದೆ. ವೈ ಎಂಬ ಹೆಸರಿನ ಆ ಆಂಗಸ್ ಹಿಂಡಿಗೆ 1958ರ ಬಳಿಕ ಹೊರಗಿನ ಹೋರಿಗಳ ಪ್ರವೇಶವಿಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಶ್ರಯದಲ್ಲಿರುವ ಇಂತಹ ಮುಚ್ಚಿದ ಹಿಂಡಿನಲ್ಲಿ ರಕ್ತಸಂಬಂಧ ಬಿಗಿಯಾಗುತ್ತ ಹೋಗುವುದು ಸಹಜ. ಹಲವು ಪೀಳಿಗೆ ಹಿಂದಿನ ಹೋರಿಯ ವೀರ್ಯ ಉಳಿದಿದ್ದರೆ ಹಿಂಡಿನ ಕಟ್ಟು ಮುರಿಯದೆಯೇ ತುಸು ದೂರದ ಸಂಬಂಧವನ್ನು ಕೂಡಿಸಲು ಅವಕಾಶ ದೊರೆಯುತ್ತದೆ.

ಗುಣದ ಜೊತೆಗೆ ದೋಷ

ಹಳೆಯ ವೀರ್ಯದ ನಿಜವಾದ ಅಪಾಯ ಕಣ್ಣಿಗೆ ಕಾಣದ ದೋಷಪೂರಿತ ವಂಶವಾಹಿಗಳಲ್ಲಿದೆ. ಇವುಗಳಲ್ಲಿ ಹೆಚ್ಚಿನವು ಅಪ್ರಬಲ ಸ್ವರೂಪದವು. ಒಂದು ಪ್ರತಿ ಇದ್ದರೆ ದನ ಆರೋಗ್ಯವಾಗಿಯೇ ಇರುತ್ತದೆ; ಅದನ್ನು ವಾಹಕ ಎನ್ನುತ್ತಾರೆ. ವಾಹಕ ಹೋರಿ ಮತ್ತು ವಾಹಕ ಹಸು ಕೂಡಿದರೆ ನಾಲ್ಕರಲ್ಲಿ ಒಂದು ಕರು ರೋಗಗ್ರಸ್ತವಾಗಿ ಹುಟ್ಟುವ, ಎರಡು ವಾಹಕಗಳಾಗುವ ಸಂಭವವಿರುತ್ತದೆ.

ಪ್ರದರ್ಶನ ಕಣವೇ ಇಂತಹ ದೋಷವನ್ನು ಪೋಷಿಸಿದ ಪ್ರಸಂಗವೊಂದು ಇತಿಹಾಸದಲ್ಲಿದೆ. 1940-50ರ ದಶಕಗಳಲ್ಲಿ ಅಮೆರಿಕದ ಹೆರ್‌ಫರ್ಡ್ ಮತ್ತು ಆಂಗಸ್ ತಳಿಗಳಲ್ಲಿ ಕುಬ್ಜ ಕರುಗಳು ಹುಟ್ಟತೊಡಗಿದವು. ಉಬ್ಬಿದ ಹಣೆ, ಏದುಸಿರು, ಅಕಾಲ ಮರಣ ಇವು ಅವುಗಳ ಲಕ್ಷಣ. ಗಿಡ್ಡನೆಯ ಗುಂಡುಮೈಗೆ ಬಹುಮಾನ ಸಲ್ಲುತ್ತಿದ್ದ ಕಾಲದಲ್ಲಿ, ತುಸು ಗಿಡ್ಡಗಿರುತ್ತಿದ್ದ ವಾಹಕ ದನಗಳೇ ತೀರ್ಪುಗಾರರ ಕಣ್ಣಿಗೆ ಬೀಳುತ್ತಿದ್ದುದು ಈ ದೋಷ ಹರಡಲು ಕಾರಣವಾಯಿತು. ಹೆಸರಾಂತ ವಂಶಗಳೇ ಕಳಂಕಿತವಾಗಿ ತಳಿಗಾರರು ಅಪಾರ ನಷ್ಟ ಅನುಭವಿಸಿದರು. ಆ ಕಾಲದ ಹೋರಿಯ ವೀರ್ಯವನ್ನು ಇಂದು ಕರಗಿಸುವವರು ಈ ಪ್ರಸಂಗವನ್ನು ಮರೆಯುವಂತಿಲ್ಲ.

ಈಚಿನ ಉದಾಹರಣೆಗಳೂ ಇವೆ. ಶಾರ್ಟ್‌ಹಾರ್ನ್ ಹಾಗೂ ಮೇನ್-ಆಂಜೂ ರಕ್ತವಿರುವ ಕ್ಲಬ್ ಕಾಫ್ ವಂಶಗಳಲ್ಲಿ ಟಿ.ಎಚ್. ಮತ್ತು ಪಿ.ಎಚ್.ಎ. ಎಂಬ ಎರಡು ರೋಗಗಳು ಹರಡಿದವು. ಮೊದಲನೆಯದರಲ್ಲಿ ಕರುವಿನ ಹಿಂಗಾಲುಗಳು ತಿರುಚಿ, ಹೊಟ್ಟೆಯ ಗೋಡೆ ಕೂಡಿಕೊಳ್ಳದೆ ಕರು ಸಾಯುತ್ತದೆ. ಎರಡನೆಯದರಲ್ಲಿ ಶ್ವಾಸಕೋಶ ಬೆಳೆಯದೆ ಮೈತುಂಬ ನೀರು ತುಂಬಿ ಕರು ಊದಿಕೊಳ್ಳುತ್ತದೆ. ಅದನ್ನು ಈಯುವ ಹಸುವಿನ ಪ್ರಾಣಕ್ಕೂ ಅಪಾಯ ತಪ್ಪಿದ್ದಲ್ಲ. ಆಂಗಸ್ ತಳಿಯಲ್ಲಿ 2008ರಲ್ಲಿ ಬಾಗಿದ ಬೆನ್ನು ಮತ್ತು ಸೆಟೆದ ಕೀಲುಗಳ ಸತ್ತ ಕರುಗಳು ಗಮನಕ್ಕೆ ಬಂದವು. ಇಲಿನಾಯ್ ವಿಶ್ವವಿದ್ಯಾಲಯದ ವಿಜ್ಞಾನಿ ಜೋನ್ ಬೀವರ್ ಅದರ ಆನುವಂಶಿಕ ಮೂಲವನ್ನು ಗುರುತಿಸಿದರು. ಜಿ.ಎ.ಆರ್. ಪ್ರಿಸಿಷನ್ 1680 ಎಂಬ ಅತ್ಯಂತ ಜನಪ್ರಿಯ ಹೋರಿ ವಾಹಕವಾಗಿದ್ದುದು ಆಗ ತಿಳಿಯಿತು. ಸಾವಿರಾರು ಹಿಂಡುಗಳಲ್ಲಿ ಅದರ ಸಂತತಿ ಆಗಲೇ ಹರಡಿತ್ತು.

ಹೋಲ್‌ಸ್ಟೀನ್ ತಳಿಯಲ್ಲಿ 1952ರಲ್ಲಿ ಹುಟ್ಟಿದ ಆಸ್‌ಬೋರ್ನ್‌ಡೇಲ್ ಐವನ್‌ಹೋ ಎಂಬ ಹೋರಿಯಿಂದ ಬ್ಲ್ಯಾಡ್ ಎಂಬ ರೋಗ ಹರಡಿತು. ರಕ್ತದ ಬಿಳಿಕಣಗಳು ಸೋಂಕಿನ ಜಾಗಕ್ಕೆ ತಲುಪಲಾರದ ಈ ರೋಗದಲ್ಲಿ ಕರುಗಳು ಎಳೆತನದಲ್ಲೇ ಸಾಯುತ್ತವೆ. ಅದೇ ವಂಶದ ಕಾರ್ಲಿನ್-ಎಂ ಐವನ್‌ಹೋ ಬೆಲ್, ಬ್ಲ್ಯಾಡ್ ಜೊತೆಗೆ ಬೆನ್ನುಮೂಳೆಯ ವಿರೂಪಕ್ಕೆ ಕಾರಣವಾಗುವ ಸಿ.ವಿ.ಎಂ. ದೋಷವನ್ನೂ ಹೊತ್ತಿತ್ತು. ಉತ್ತಮ ಕೆಚ್ಚಲು ಮತ್ತು ಅಧಿಕ ಹಾಲಿಗೆ ಹೆಸರಾಗಿದ್ದ ಬೆಲ್ ವೀರ್ಯ ನಾನಾ ದೇಶಗಳಿಗೆ ಹೋಗಿತ್ತು. 1990ರ ದಶಕದಲ್ಲಿ ಪರೀಕ್ಷೆ ಬಂದ ಮೇಲೆ ವಾಹಕ ಹೋರಿಗಳನ್ನು ಕ್ರಮೇಣ ಕೈಬಿಡಲಾಯಿತು. ಪರೀಕ್ಷಿಸದ ಹಳೆಯ ನಳಿಕೆಯೊಂದು ಈ ಶ್ರಮವನ್ನು ಒಂದು ಹಿಂಡಿನ ಮಟ್ಟಿಗೆ ವ್ಯರ್ಥಗೊಳಿಸಬಲ್ಲದು.

ಸಮಾಧಾನದ ಸಂಗತಿಯೆಂದರೆ ಹೋರಿ ಸತ್ತಿದ್ದರೂ ಪರೀಕ್ಷೆಗೆ ತೊಡಕಿಲ್ಲ. ವೀರ್ಯವೇ ಡಿಎನ್‌ಎ ಮಾದರಿ. ಒಂದು ನಳಿಕೆಯನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ತಿಳಿದಿರುವ ದೋಷಗಳ ಬಗ್ಗೆ ಖಚಿತ ಉತ್ತರ ದೊರೆಯುತ್ತದೆ. ನಳಿಕೆಯ ಮೇಲಿನ ಹೆಸರು ನಿಜವೇ ಎಂಬುದನ್ನೂ ಸಂತತಿಯ ಡಿಎನ್‌ಎ ಜೊತೆ ಹೋಲಿಸಿ ನೋಡಬಹುದು. ಆದರೆ ಪರೀಕ್ಷೆ ಇರುವುದು ತಿಳಿದ ದೋಷಗಳಿಗೆ ಮಾತ್ರ.

ಬಳಕೆಯ ಕ್ರಮ

ಹಳೆಯ ವೀರ್ಯ ಕೊಳ್ಳುವವರು ಮೊದಲು ವಿಚಾರಿಸಬೇಕಾದದ್ದು ಪಾತ್ರೆಯ ಚರಿತ್ರೆ. ಕೈಯಿಂದ ಕೈಗೆ, ಪಾತ್ರೆಯಿಂದ ಪಾತ್ರೆಗೆ ಸಾಗುವಾಗ ಕೆಲವು ಕ್ಷಣಗಳ ಅಜಾಗರೂಕತೆಯೂ ವೀರ್ಯಾಣುಗಳಿಗೆ ಮಾರಕ. ಒಮ್ಮೆ ಬೆಚ್ಚಗಾಗಿ ಮತ್ತೆ ಹೆಪ್ಪುಗಟ್ಟಿದ ನಳಿಕೆ ಹೊರನೋಟಕ್ಕೆ ಹಾಗೆಯೇ ಇರುತ್ತದೆ, ಒಳಗೆ ಜೀವವಿರುವುದಿಲ್ಲ. ಆದ್ದರಿಂದ ದಾಸ್ತಾನಿನಲ್ಲಿ ಒಂದನ್ನು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳ ಚಲನೆಯನ್ನು ಪರೀಕ್ಷಿಸುವುದು ವಾಡಿಕೆ.

ಕರಗಿಸುವ ವಿಧಾನವೂ ಕಾಲಕ್ಕೆ ತಕ್ಕಂತೆ ಬೇರೆಯಾಗುತ್ತದೆ. ಇಂದಿನ ಪ್ಲಾಸ್ಟಿಕ್ ನಳಿಕೆಯನ್ನು 35ರಿಂದ 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಮುಕ್ಕಾಲು ನಿಮಿಷದಷ್ಟು ಇರಿಸಿದರೆ ಸಾಕು. ಹಳೆಯ ಗಾಜಿನ ಆಂಪೂಲ್‌ಗಳನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿ ಸುಮಾರು ಹತ್ತು ನಿಮಿಷ ಇಟ್ಟು ನಿಧಾನವಾಗಿ ಕರಗಿಸುವುದು ರೂಢಿ. ಬಿರುಕಿನ ಮೂಲಕ ಒಳಸೇರಿದ ಸಾರಜನಕ ಒಮ್ಮೆಲೇ ಅನಿಲವಾಗಿ ಆಂಪೂಲ್ ಸಿಡಿಯಬಹುದಾದ್ದರಿಂದ ಕಣ್ಣಿಗೆ ರಕ್ಷಣೆ ಅಗತ್ಯ. ಬೆದೆಯ ಸಮಯವನ್ನು ನಿಖರವಾಗಿ ಗುರುತಿಸಿ, ಸುಲಭವಾಗಿ ಗಬ್ಬ ನಿಲ್ಲುವ ಹಸುವನ್ನೇ ಆರಿಸಿಕೊಳ್ಳುತ್ತಾರೆ.

ನಳಿಕೆಗಳು ಬೆರಳೆಣಿಕೆಯಷ್ಟೇ ಇದ್ದರೆ ನೇರವಾಗಿ ಗರ್ಭಧಾರಣೆ ಮಾಡಿಸುವುದು ದುಂದುಗಾರಿಕೆ. ಪ್ರಯೋಗಾಲಯದ ಪ್ರನಾಳ ಫಲೀಕರಣದಲ್ಲಿ ಒಂದು ನಳಿಕೆಯಿಂದ ಅನೇಕ ಅಂಡಾಣುಗಳನ್ನು ಫಲೀಕರಿಸಬಹುದು. ಹೆಪ್ಪುಗಟ್ಟಿದ ವೀರ್ಯವನ್ನು ಕರಗಿಸಿ ಹೆಣ್ಣು-ಗಂಡು ವೀರ್ಯಾಣುಗಳನ್ನು ಬೇರ್ಪಡಿಸುವ ತಂತ್ರವೂ ಬಂದಿದೆ. ದನಗಳಲ್ಲಿ ಎಕ್ಸ್ ವೀರ್ಯಾಣುವಿನ ಡಿಎನ್‌ಎ ಪ್ರಮಾಣ ವೈ ವೀರ್ಯಾಣುವಿಗಿಂತ ಶೇ 3.8ರಷ್ಟು ಹೆಚ್ಚಿರುವುದೇ ಇದಕ್ಕೆ ಆಧಾರ. ತದ್ರೂಪು ಸೃಷ್ಟಿ ಇನ್ನೊಂದು ದಾರಿ. 1998ರಲ್ಲಿ ಸತ್ತ ಕೆನಡಾದ ಪ್ರಸಿದ್ಧ ಹೋಲ್‌ಸ್ಟೀನ್ ಹೋರಿ ಹ್ಯಾನೋವರ್‌ಹಿಲ್ ಸ್ಟಾರ್‌ಬಕ್‌ನ ಜೀವಕೋಶದಿಂದ 2000ದ ಸೆಪ್ಟೆಂಬರ್‌ನಲ್ಲಿ ಕ್ವಿಬೆಕ್ ಪ್ರಾಂತದಲ್ಲಿ ಸ್ಟಾರ್‌ಬಕ್-2 ಹುಟ್ಟಿತು. ಆದರೆ ಇದಕ್ಕೆ ಹೋರಿಯ ದೇಹದ ಕೋಶಗಳು ಉಳಿದಿರಬೇಕು, ವೀರ್ಯ ಸಾಲದು.

ಕಾನೂನು ಮತ್ತು ಆರೋಗ್ಯದ ನಿಯಮಗಳೂ ಅಡ್ಡ ಬರುತ್ತವೆ. ಇಂದು ವೀರ್ಯ ದೇಶದಿಂದ ದೇಶಕ್ಕೆ ಹೋಗಬೇಕಾದರೆ ಕ್ಷಯ, ಬ್ರುಸೆಲ್ಲಾ ಮೊದಲಾದ ರೋಗಗಳಿಗೆ ಹೋರಿಯನ್ನು ಪರೀಕ್ಷಿಸಿದ ದಾಖಲೆ ಬೇಕು. ಅರ್ಧ ಶತಮಾನದ ಹಿಂದೆ ತೆಗೆದ ವೀರ್ಯಕ್ಕೆ ಇಂದಿನ ನಿಯಮಗಳಿಗೆ ಒಪ್ಪುವ ದಾಖಲೆ ದೊರೆಯುವುದು ಅಪರೂಪ. ಹೀಗಾಗಿ ಅನೇಕ ಹಳೆಯ ದಾಸ್ತಾನುಗಳು ಹುಟ್ಟಿದ ದೇಶದ ಗಡಿ ದಾಟಲಾರವು.

ಗಳಿಕೆ-ನಷ್ಟದ ಲೆಕ್ಕ

ಹಳೆಯ ಹೋರಿಯ ಕರು ಕಣದಲ್ಲಿ ಗೆಲ್ಲುತ್ತದೆಯೇ? ಖಾತರಿಯಿಲ್ಲ. ತಳಿ ಅರವತ್ತು ವರ್ಷ ಮುಂದೆ ಬಂದಿರುವಾಗ ಹಿಂದಿನ ಹೋರಿಯನ್ನು ಬಳಸಿದರೆ, ಅಷ್ಟು ಕಾಲದ ಪ್ರಗತಿಯ ಅರ್ಧಪಾಲನ್ನು ಕರು ಬಿಟ್ಟುಕೊಡುತ್ತದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯ 1964ರ ಮಟ್ಟದಲ್ಲೇ ಉಳಿಸಿಕೊಂಡ ಹೋಲ್‌ಸ್ಟೀನ್ ಹಿಂಡನ್ನು ಇಂದಿನ ಹಸುಗಳ ಜೊತೆ ಹೋಲಿಸಿದಾಗ ಈ ಅಂತರ ಢಾಳಾಗಿ ಕಾಣುತ್ತದೆ. ಹಳೆಯ ಹಸುಗಳು ಗಾತ್ರದಲ್ಲಿ ಚಿಕ್ಕವು. ಹಾಲು ಬಹಳ ಕಡಿಮೆ.

ಆದ್ದರಿಂದ ಅನುಭವಿ ತಳಿಗಾರರು ಮೊದಲ ಪೀಳಿಗೆಯಿಂದ ಬಹುಮಾನ ನಿರೀಕ್ಷಿಸುವುದಿಲ್ಲ. ಹಳೆಯ ಹೋರಿಯಿಂದ ಒಂದು ಒಳ್ಳೆಯ ಕಡಸನ್ನು ಪಡೆದು, ಅದನ್ನು ಇಂದಿನ ಉತ್ತಮ ಹೋರಿಗೆ ಕೂಡಿಸುತ್ತಾರೆ. ಆಗ ಹಳೆಯ ರಕ್ತ ಕಾಲುಭಾಗಕ್ಕೆ ಇಳಿಯುತ್ತದೆ. ಬೇಕಾದ ಕಾಲು, ಗೊರಸು, ಮೈಯ ಆಳಗಳಿರುವ ಕರುವನ್ನು ಆ ಹಂತದಲ್ಲಿ ಆರಿಸುತ್ತಾರೆ. ಒಂದು ಪೀಳಿಗೆಗೆ ಎರಡು-ಮೂರು ವರ್ಷ ಬೇಕಾಗುವುದರಿಂದ ಇದು ತಾಳ್ಮೆಯ ಕೆಲಸ.

ಕರ್ನಾಟಕದ ನಂಟು

ಈ ವಿಷಯ ದೂರದ ದೇಶಗಳದ್ದಾದರೂ ಕರ್ನಾಟಕಕ್ಕೆ ತೀರ ಹೊರಗಿನದಲ್ಲ. ಭಾರತದಲ್ಲಿ ಮೊದಲ ಬಾರಿಗೆ ಕೃತಕ ಗರ್ಭಧಾರಣೆ ನಡೆದದ್ದು ಮೈಸೂರಿನಲ್ಲಿ. 1939ರಲ್ಲಿ ಅರಮನೆಯ ಡೈರಿಯಲ್ಲಿ ಸಂಪತ್‌ಕುಮಾರನ್ ಅವರು ಹೋಲ್‌ಸ್ಟೀನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ನೀಡಿ 33 ಹಸುಗಳನ್ನು ಗಬ್ಬ ಕಟ್ಟಿಸಿದ್ದರು. ಘನೀಕರಣದ ಶೋಧಕ್ಕೆ ಆಗ ಇನ್ನೂ ಹತ್ತು ವರ್ಷ ಬಾಕಿಯಿತ್ತು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಡೆನ್ಮಾರ್ಕ್ ಸಹಕಾರದಿಂದ ಸ್ಥಾಪನೆಯಾದ ಕೇಂದ್ರೀಯ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆ ಮುಂದೆ ಈ ಕ್ಷೇತ್ರದ ಮುಖ್ಯ ಕೇಂದ್ರವಾಯಿತು.

ರಾಜ್ಯದ ಹಾಲಿನ ಡೈರಿಗಳಿಗೆ ಹಾಲು ತುಂಬುವ ಎಚ್.ಎಫ್. ಮಿಶ್ರತಳಿ ಹಸುಗಳ ತಂದೆಯ ಕಡೆಯ ವಂಶಾವಳಿಯನ್ನು ಹಿಡಿದು ಹೋದರೆ ಅದು ಪಶ್ಚಿಮದ ಹೋಲ್‌ಸ್ಟೀನ್ ಹೋರಿಗಳಿಗೇ ತಲುಪುತ್ತದೆ. ಅಲ್ಲಿನ ದೋಷ ಇಲ್ಲಿಗೂ ಬರಬಹುದೆಂಬ ಕಾರಣಕ್ಕೇ ದೇಶದ ವೀರ್ಯ ಕೇಂದ್ರಗಳಲ್ಲಿ ಹೋಲ್‌ಸ್ಟೀನ್ ಹೋರಿಗಳನ್ನು ಬ್ಲ್ಯಾಡ್, ಸಿ.ವಿ.ಎಂ. ಮುಂತಾದವುಗಳಿಗೆ ಪರೀಕ್ಷಿಸುವ ನಿಯಮವಿದೆ.

ಕರಗಿದರೆ ಮುಗಿಯಿತು

ಹಳೆಯ ಹೋರಿಯ ವೀರ್ಯ ಹೊಸದಾಗಿ ಉತ್ಪಾದನೆಯಾಗುವ ಸರಕಲ್ಲ. ಪ್ರತಿ ನಳಿಕೆ ಕರಗಿದಾಗಲೂ ದಾಸ್ತಾನು ಒಂದರಷ್ಟು ಕಡಿಮೆಯಾಗುತ್ತದೆ. ಒಂದು ಋತುವಿನ ಪ್ರಶಸ್ತಿಗಾಗಿ ಕೊನೆಯ ನಳಿಕೆಯನ್ನೂ ಬಳಸಿ, ಹುಟ್ಟಿದ ಗಂಡುಕರುವಿನ ಬೀಜ ಒಡೆದು ಕಣಕ್ಕೆ ಇಳಿಸಿದರೆ ಆ ವಂಶ ಎರಡನೆಯ ಬಾರಿಗೆ, ಶಾಶ್ವತವಾಗಿ ಅಳಿಯುತ್ತದೆ. ಅದೇ ನಳಿಕೆಯಿಂದ ಒಂದು ಬೀಜದ ಹೋರಿಯನ್ನು ಬೆಳೆಸಿ ಅದರ ವೀರ್ಯವನ್ನು ಸಂಗ್ರಹಿಸಿದರೆ ಸಾವಿರಾರು ನಳಿಕೆಗಳು ಮತ್ತೆ ತುಂಬುತ್ತವೆ. ತಂದೆಯ ವೈ ವರ್ಣತಂತು ಬಹುಪಾಲು ಬದಲಾಗದೆ ಮಗನಲ್ಲಿ ಉಳಿಯುತ್ತದೆ. ಪೈಲಟ್ ಮತ್ತು ಕತ್‌ಬರ್ಟ್ ವಿಷಯದಲ್ಲಿ ವಿಜ್ಞಾನಿಗಳು ಮಾಡಿದ್ದು ಇದನ್ನೇ.

ಮೊದಲು ಪರೀಕ್ಷೆ, ಬಳಿಕ ಶ್ರೇಷ್ಠ ಹಸುವಿನ ಆಯ್ಕೆ, ಹುಟ್ಟಿದ ಹೋರಿಗರುವಿನಿಂದ ದಾಸ್ತಾನಿನ ಮರುಪೂರಣ, ಕೆಲವಾದರೂ ನಳಿಕೆಗಳನ್ನು ಭಂಡಾರಕ್ಕೆ ಒಪ್ಪಿಸುವುದು: ಹಳೆಯ ಹೋರಿಯನ್ನು ಹೊಸ ತಳಿಗೆ ಬಳಸುವವರು ಪಾಲಿಸಬೇಕಾದ ಕ್ರಮ ಇದು. ನಾಳೆಯ ತಳಿಗಾರರಿಗೆ ಯಾವ ಗುಣ ಬೇಕಾದೀತೆಂಬುದನ್ನು ಇಂದು ಹೇಳಲಾಗದು. 1950ರ ದಶಕದಲ್ಲಿ ಪೈಲಟ್‌ನ ವೀರ್ಯವನ್ನು ಸೀಸೆಗೆ ತುಂಬಿದವರಿಗೂ ಅದರ ಅಗತ್ಯ ಅರವತ್ತು ವರ್ಷಗಳ ಬಳಿಕ ಬೀಳುವುದೆಂದು ತಿಳಿದಿರಲಿಲ್ಲ.